ಪ್ರೊಸೆಸರ್ ಫ್ಯಾನ್ ಎಚ್ಚರಿಕೆ

ಪ್ರೊಸೆಸರ್ ಫ್ಯಾನ್ ಎಚ್ಚರಿಕೆಯು ಗಣಕಯಂತ್ರವನ್ನು ಚಾಲೂ ಮಾಡಿದಾಗ, ಕಾರ್ಯಾಚರಣಾ ವ್ಯವಸ್ಥೆ ತೆರೆದುಕೊಳ್ಳುವ ಮೊದಲೇ ಪರದೆಯ ಮೇಲೆ ಕಾಣಿಸಿಕೊಳ್ಳುವ ದೋಷಸಂದೇಶವಾಗಿದೆ. ಪ್ರೊಸೆಸರನ್ನು ತಂಪಾಗಿಸುವ ಫ್ಯಾನಿನ ವೇಗ ನಿಗದಿತ ಮಿತಿಗಿಂತ ಕಡಿಮೆಯಿದ್ದಾಗ, ಅಥವಾ ಅದರ ವೇಗದ ಸಂಕೇತವೇ ಬಾರದಿದ್ದಾಗ, ಮದರ್‌ಬೋರ್ಡಿನಲ್ಲಿರುವ ಬಯೋಸ್ ಅಥವಾ ಯುಇಎಫ್‌ಐ ತಂತ್ರಾಂಶವು ಈ ಸಂದೇಶವನ್ನು ತೋರಿಸುತ್ತದೆ. ಪ್ರೊಸೆಸರ್ ಬಿಸಿಯಾಗಿದೆ ಎಂಬುದು ಇದರ ಅರ್ಥವಲ್ಲ. ಆದ್ದರಿಂದ ಫ್ಯಾನ್ ಸರಿಯಾಗಿ ತಿರುಗುತ್ತಿರುವಾಗಲೂ ಎಚ್ಚರಿಕೆ ಬರಬಹುದು. ಫ್ಯಾನ್ ನಿಜವಾಗಿಯೂ ನಿಂತಿದ್ದರೆ ಗಣಕಯಂತ್ರ ನಿಧಾನವಾಗುವುದು, ಕೆಲಸದ ನಡುವೆ ತಾನಾಗಿಯೇ ಆರಿಹೋಗುವುದು ಮುಂತಾದ ತೊಂದರೆಗಳಿಗೆ ಇದು ಮುನ್ಸೂಚನೆಯಾಗಿರುತ್ತದೆ.

ಹಿನ್ನೆಲೆ

1980ರ ದಶಕದ ಇಂಟೆಲ್ 80386ರಂತಹ ಪ್ರೊಸೆಸರುಗಳು ಸಾಮಾನ್ಯವಾಗಿ ಪ್ರತ್ಯೇಕ ಫ್ಯಾನ್ ಇಲ್ಲದೆಯೇ ಕೆಲಸ ಮಾಡುತ್ತಿದ್ದವು. 1990ರ ದಶಕದಲ್ಲಿ 80486ರ ವೇಗದ ಆವೃತ್ತಿಗಳು ಹಾಗೂ ಪೆಂಟಿಯಂ ಪ್ರೊಸೆಸರುಗಳು ಬಂದ ನಂತರ, ಲೋಹದ ಹೀಟ್ ಸಿಂಕ್ ಮತ್ತು ಅದರ ಮೇಲೆ ಕೂರುವ ಫ್ಯಾನ್ ರೂಢಿಗೆ ಬಂದವು.

2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಜಾಲತಾಣವು ಚಾಲನೆಯಲ್ಲಿರುವ ಪ್ರೊಸೆಸರುಗಳ ಮೇಲಿಂದ ಹೀಟ್ ಸಿಂಕನ್ನು ತೆಗೆದು ಪರೀಕ್ಷಿಸಿತು. ಪೆಂಟಿಯಂ 4 ತನ್ನ ವೇಗವನ್ನು ತಗ್ಗಿಸಿಕೊಂಡು ಕೆಲಸ ಮುಂದುವರಿಸಿದರೆ, ಎಎಂಡಿ ಅಥ್ಲಾನ್ ಕ್ಷಣಗಳಲ್ಲಿ ಸುಟ್ಟುಹೋಯಿತು. ಇಂದಿನ ಪ್ರೊಸೆಸರುಗಳು ಉಷ್ಣತೆ ಸುಮಾರು 90ರಿಂದ 100 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಉಷ್ಣತೆ ಇನ್ನೂ ಏರಿದರೆ ಗಣಕಯಂತ್ರವನ್ನು ನಿಲ್ಲಿಸುತ್ತವೆ. ಈ ನಿಖರ ಮಿತಿಯು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ.

ಕಾರ್ಯವಿಧಾನ

ಫ್ಯಾನಿನ ಮೋಟಾರಿನೊಳಗೆ ಹಾಲ್ ಪರಿಣಾಮವನ್ನು ಆಧರಿಸಿದ ಒಂದು ಸಂವೇದಕವಿರುತ್ತದೆ. ಸಾಮಾನ್ಯವಾಗಿ ಫ್ಯಾನ್ ಒಂದು ಸುತ್ತು ತಿರುಗಿದಾಗ ಇದರಿಂದ ಎರಡು ಪಲ್ಸ್‌ಗಳು ಹೊರಡುತ್ತವೆ. ಮದರ್‌ಬೋರ್ಡಿನ ಮೇಲ್ವಿಚಾರಣಾ ಚಿಪ್ ಈ ಪಲ್ಸ್‌ಗಳನ್ನು ಎಣಿಸಿ ವೇಗವನ್ನು ಲೆಕ್ಕಹಾಕುತ್ತದೆ. ಉದಾಹರಣೆಗೆ, ಸೆಕೆಂಡಿಗೆ 40 ಪಲ್ಸ್‌ಗಳು ಬಂದರೆ ಫ್ಯಾನ್ ಸೆಕೆಂಡಿಗೆ 20 ಸುತ್ತು, ಅಂದರೆ ನಿಮಿಷಕ್ಕೆ 1200 ಸುತ್ತು ತಿರುಗುತ್ತಿದೆ ಎಂದರ್ಥ.

ಮೂರು ತಂತಿಗಳ ಫ್ಯಾನಿನಲ್ಲಿ ಒಂದು ತಂತಿ ಭೂಸಂಪರ್ಕಕ್ಕೆ, ಇನ್ನೊಂದು 12 ವೋಲ್ಟ್ ವಿದ್ಯುತ್ತಿಗೆ, ಮತ್ತೊಂದು ವೇಗದ ಸಂಕೇತಕ್ಕೆ ಮೀಸಲಾಗಿರುತ್ತದೆ. ನಾಲ್ಕು ತಂತಿಗಳ ಫ್ಯಾನಿನಲ್ಲಿ ನಾಲ್ಕನೆಯ ತಂತಿಯು ವೇಗವನ್ನು ನಿಯಂತ್ರಿಸುವ, ಸುಮಾರು 25 ಕಿಲೋಹರ್ಟ್ಸ್ ಆವರ್ತನದ ಸಂಕೇತವನ್ನು ಸಾಗಿಸುತ್ತದೆ. ವೇಗದ ಸಂಕೇತದ ತಂತಿ ಮಾತ್ರ ತುಂಡಾದರೆ ಫ್ಯಾನ್ ಎಂದಿನಂತೆ ತಿರುಗುತ್ತಿರುತ್ತದೆ. ಆದರೆ ಮದರ್‌ಬೋರ್ಡ್ ಅದರ ವೇಗವನ್ನು ಸೊನ್ನೆ ಎಂದೇ ಓದುತ್ತದೆ.

ಸಂದೇಶದ ರೂಪಗಳು

ಅಮೆರಿಕನ್ ಮೆಗಾಟ್ರೆಂಡ್ಸ್ ಸಂಸ್ಥೆಯ ಬಯೋಸ್ ಇರುವ ಹಲವು ಮದರ್‌ಬೋರ್ಡುಗಳಲ್ಲಿ ‘ಸಿಪಿಯು ಫ್ಯಾನ್ ಎರರ್’ ಎಂಬ ಸಂದೇಶ ಬರುತ್ತದೆ. ಸೆಟಪ್ ಪುಟಕ್ಕೆ ಹೋಗಲು ಎಫ್1 ಕೀಲಿಯನ್ನು ಒತ್ತುವಂತೆ ಅದರೊಡನೆ ಸೂಚಿಸಲಾಗುತ್ತದೆ. ಎಚ್‌ಪಿ ಲ್ಯಾಪ್‌ಟಾಪ್‌ಗಳಲ್ಲಿ 90ಬಿ ಎಂಬ ಸಂಕೇತದೊಂದಿಗೆ ಸಂದೇಶ ಕಾಣಿಸುತ್ತದೆ. ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳು ‘ಫ್ಯಾನ್ ಎರರ್’ ಎಂದು ತೋರಿಸಿ ಸ್ವತಃ ಆರಿಹೋಗುತ್ತವೆ. ‘ಸಿಪಿಯು ಓವರ್ ಟೆಂಪರೇಚರ್ ಎರರ್’ ಎಂಬುದು ಬೇರೆಯೇ ಸಂದೇಶ. ಅದು ಉಷ್ಣತೆ ಈಗಾಗಲೇ ಮಿತಿ ಮೀರಿದೆ ಎಂಬುದನ್ನು ತಿಳಿಸುತ್ತದೆ.

ಕಾರಣಗಳು

* ಫ್ಯಾನಿನ ತಂತಿಯನ್ನು ಮದರ್‌ಬೋರ್ಡಿನ ‘ಸಿಪಿಯು ಫ್ಯಾನ್’ ಜಾಗದ ಬದಲು ಕ್ಯಾಬಿನೆಟ್ ಫ್ಯಾನಿಗೆ ಮೀಸಲಾದ ಜಾಗದಲ್ಲಿ ಸಿಕ್ಕಿಸಿರುವುದು, ಅಥವಾ ಕನೆಕ್ಟರ್ ಸಡಿಲವಾಗಿರುವುದು. ಗಣಕಯಂತ್ರವನ್ನು ಹೊಸದಾಗಿ ಜೋಡಿಸಿದಾಗ ಇಲ್ಲವೇ ಬಿಚ್ಚಿ ಸ್ವಚ್ಛಗೊಳಿಸಿದ ನಂತರ ಇದು ಹೆಚ್ಚಾಗಿ ಕಂಡುಬರುತ್ತದೆ.
* ಧೂಳು ಕಟ್ಟಿಕೊಂಡಿರುವುದು ಅಥವಾ ಒಳಗಿನ ಯಾವುದಾದರೂ ತಂತಿ ರೆಕ್ಕೆಗಳಿಗೆ ತಾಗುತ್ತಿರುವುದು.
* ಬೇರಿಂಗ್ ಸವೆದಿರುವುದು ಅಥವಾ ಅದರೊಳಗಿನ ಎಣ್ಣೆ ಒಣಗಿರುವುದು. ಇಂತಹ ಫ್ಯಾನ್ ಚಳಿಯಿದ್ದಾಗ ತಡವಾಗಿ ತಿರುಗಲಾರಂಭಿಸುತ್ತದೆ. ಆದ್ದರಿಂದ ಬೆಳಿಗ್ಗೆ ಮೊದಲ ಬಾರಿ ಚಾಲೂ ಮಾಡಿದಾಗ ಬಂದ ಎಚ್ಚರಿಕೆ, ಮರುಚಾಲನೆ ಮಾಡಿದಾಗ ಮಾಯವಾಗಬಹುದು.
* ಫ್ಯಾನ್ ಸದ್ದಿಲ್ಲದೆ ಕಡಿಮೆ ವೇಗದಲ್ಲಿ ತಿರುಗುವಂತೆ ರಚಿತವಾಗಿದ್ದು, ಬಯೋಸ್‌ನ ಕನಿಷ್ಠ ಮಿತಿ ಅದಕ್ಕಿಂತ ಹೆಚ್ಚಾಗಿರುವುದು.
* ದ್ರವ ಶೀತಕವನ್ನು ಅಳವಡಿಸಿದಾಗ ‘ಸಿಪಿಯು ಫ್ಯಾನ್’ ಜಾಗ ಖಾಲಿ ಉಳಿದಿರುವುದು.
* ವೇಗದ ಸಂಕೇತದ ತಂತಿ, ಸಂವೇದಕ ಅಥವಾ ಮದರ್‌ಬೋರ್ಡಿನ ಪಿನ್ ಕೆಟ್ಟಿರುವುದು.

ದೋಷ ಪತ್ತೆ

ಮೊದಲು ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳವನ್ನು ತೆಗೆದು, ಗಣಕಯಂತ್ರವನ್ನು ಸ್ವಲ್ಪ ಹೊತ್ತು ಮಾತ್ರ ಚಾಲೂ ಮಾಡಿ ಫ್ಯಾನ್ ತಿರುಗುತ್ತಿದೆಯೇ ಎಂದು ನೋಡಲಾಗುತ್ತದೆ. ಮುಂದಿನ ಪರಿಶೀಲನೆಯು ಇದನ್ನು ಅವಲಂಬಿಸಿರುತ್ತದೆ. ಒಳಭಾಗವನ್ನು ಮುಟ್ಟುವ ಮೊದಲು ಗಣಕಯಂತ್ರವನ್ನು ಆರಿಸಿ, ವಿದ್ಯುತ್ ತಂತಿಯನ್ನು ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು.

ಫ್ಯಾನ್ ತಿರುಗದಿದ್ದಲ್ಲಿ ಕನೆಕ್ಟರನ್ನು ಒಮ್ಮೆ ತೆಗೆದು ಸರಿಯಾದ ಜಾಗದಲ್ಲಿ ಮತ್ತೆ ಸಿಕ್ಕಿಸಲಾಗುತ್ತದೆ. ಅಡ್ಡಬಂದ ತಂತಿಗಳನ್ನು ಸರಿಸಿ, ಮೃದುವಾದ ಕುಂಚ ಅಥವಾ ಒತ್ತಡದ ಗಾಳಿಯಿಂದ ಧೂಳನ್ನು ತೆಗೆಯಲಾಗುತ್ತದೆ. ಗಾಳಿ ಊದುವಾಗ ರೆಕ್ಕೆಗಳು ವೇಗವಾಗಿ ತಿರುಗಿ ಬೇರಿಂಗ್ ಹಾಳಾಗದಂತೆ ಅವುಗಳನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು. ನಂತರ ರೆಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಲಾಗುತ್ತದೆ. ಅದು ಬಿಗಿಯಾಗಿದ್ದರೆ ಅಥವಾ ಕರಕರ ಸದ್ದು ಮಾಡಿದರೆ ಬೇರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು.

ಫ್ಯಾನ್ ತಿರುಗುತ್ತಿದ್ದರೂ ಎಚ್ಚರಿಕೆ ಬಂದಲ್ಲಿ ಬಯೋಸ್‌ನ ಹಾರ್ಡ್‌ವೇರ್ ಮಾನಿಟರ್ ಪುಟದಲ್ಲಿ ಫ್ಯಾನಿನ ವೇಗ ಮತ್ತು ಪ್ರೊಸೆಸರಿನ ಉಷ್ಣತೆ ಎರಡನ್ನೂ ಗಮನಿಸಲಾಗುತ್ತದೆ. ವೇಗ ಸೊನ್ನೆ ಎಂದು ತೋರಿದರೆ ದೋಷವು ಜೋಡಣೆಯ ಜಾಗದಲ್ಲಿ ಅಥವಾ ವೇಗದ ಸಂಕೇತದ ಮಾರ್ಗದಲ್ಲಿರುತ್ತದೆ. ವೇಗ ನಿಮಿಷಕ್ಕೆ 450 ಸುತ್ತು, ಬಯೋಸ್‌ನ ಕನಿಷ್ಠ ಮಿತಿ 600 ಸುತ್ತು ಎಂದಿದ್ದು, ಉಷ್ಣತೆ ಸಹಜವಾಗಿದ್ದರೆ, ಮಿತಿಯನ್ನು 300ಕ್ಕೋ 200ಕ್ಕೋ ಇಳಿಸಿದರೆ ಸಾಕಾಗುತ್ತದೆ.

ಇಷ್ಟರಿಂದ ಕಾರಣ ತಿಳಿಯದಿದ್ದರೆ ಸುಸ್ಥಿತಿಯಲ್ಲಿರುವ ಬೇರೊಂದು ಫ್ಯಾನನ್ನು ಅದೇ ಜಾಗಕ್ಕೆ ಸಿಕ್ಕಿಸಿ ಪರೀಕ್ಷಿಸಲಾಗುತ್ತದೆ. ಆ ಫ್ಯಾನಿನ ವೇಗ ಸರಿಯಾಗಿ ಕಂಡರೆ ಮೊದಲಿನ ಫ್ಯಾನ್ ಕೆಟ್ಟಿದೆ ಎಂದು ತಿಳಿಯಬಹುದು. ಅದೂ ಸೊನ್ನೆ ತೋರಿದರೆ ದೋಷ ಮದರ್‌ಬೋರ್ಡಿನಲ್ಲಿದೆ ಎಂದು ಶಂಕಿಸಬಹುದು.

ಫ್ಯಾನ್ ಬದಲಾವಣೆ

ಹೊಸ ಫ್ಯಾನಿನ ಅಳತೆ, ವೋಲ್ಟೇಜ್ ಮತ್ತು ತಂತಿಗಳ ಸಂಖ್ಯೆ ಹಳೆಯದಕ್ಕೆ ಹೊಂದಬೇಕು. ಮೂರು ತಂತಿಗಳ ಫ್ಯಾನ್ ನಾಲ್ಕು ಪಿನ್ನಿನ ಜಾಗದಲ್ಲಿಯೂ ಕೂರುತ್ತದೆ ಮತ್ತು ವೇಗದ ಸಂಕೇತವನ್ನು ನೀಡುತ್ತದೆ. ಕೆಲವು ಮಾದರಿಗಳಲ್ಲಿ ಹೀಟ್ ಸಿಂಕನ್ನು ಕದಲಿಸದೆ ಫ್ಯಾನನ್ನಷ್ಟೇ ಬದಲಿಸಬಹುದು. ಹೀಟ್ ಸಿಂಕನ್ನು ಎತ್ತಿದಲ್ಲಿ ಹಳೆಯ ಥರ್ಮಲ್ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ತೆಗೆದು, ಹೊಸ ಪೇಸ್ಟನ್ನು ಹಚ್ಚುವುದು ಅಗತ್ಯ.

ಲ್ಯಾಪ್‌ಟಾಪ್‌ಗಳಲ್ಲಿ ಫ್ಯಾನ್ ತೆಳುವಾಗಿದ್ದು ಗಾಳಿಯ ಕಿಂಡಿಗಳು ಕಿರಿದಾಗಿರುವುದರಿಂದ ಧೂಳು ಬೇಗ ಸೇರುತ್ತದೆ. ಅವುಗಳ ಫ್ಯಾನ್ ಆಯಾ ಮಾದರಿಗೆಂದೇ ತಯಾರಾಗಿರುತ್ತದೆ. ಆದ್ದರಿಂದ ಬಿಡಿಭಾಗದ ಸಂಖ್ಯೆಯನ್ನು ನೋಡಿಯೇ ಕೊಳ್ಳಬೇಕಾಗುತ್ತದೆ.

ಎಚ್ಚರಿಕೆಯನ್ನು ನಿಷ್ಕ್ರಿಯಗೊಳಿಸುವುದು

ಅನೇಕ ಮದರ್‌ಬೋರ್ಡುಗಳಲ್ಲಿ ಫ್ಯಾನ್ ವೇಗದ ಆಯ್ಕೆಯನ್ನು ‘ಇಗ್ನೋರ್’ ಎಂದು ಬದಲಿಸಿ ಎಚ್ಚರಿಕೆಯನ್ನು ನಿಲ್ಲಿಸಬಹುದು. ಫ್ಯಾನ್ ಇಲ್ಲದ ಹೀಟ್ ಸಿಂಕ್, ವೇಗದ ಸಂಕೇತ ನೀಡದ ಫ್ಯಾನ್, ಅಥವಾ ವಿದ್ಯುತ್ ಪೂರೈಕೆ ಘಟಕದಿಂದ ನೇರವಾಗಿ ನಡೆಯುವ ದ್ರವ ಶೀತಕದ ಪಂಪ್ ಇರುವೆಡೆ ಇದು ಸೂಕ್ತವಾಗಿದೆ. ಉಳಿದ ಸಂದರ್ಭಗಳಲ್ಲಿ ಇದರಿಂದ ಮರೆಯಾಗುವುದು ಸಂದೇಶ ಮಾತ್ರ, ದೋಷವಲ್ಲ. ಮುಂದೆ ಫ್ಯಾನ್ ಪೂರ್ತಿ ನಿಂತುಹೋದರೂ ಬಳಕೆದಾರರಿಗೆ ಸೂಚನೆ ಸಿಗುವುದಿಲ್ಲ. ಪ್ರತಿ ಬಾರಿ ಎಫ್1 ಒತ್ತಿ ಮುಂದುವರಿಯುವುದರಲ್ಲಿಯೂ ಇದೇ ಅಪಾಯವಿದೆ.

ಪ್ರೊಸೆಸರ್ ತನ್ನನ್ನು ತಾನು ರಕ್ಷಿಸಿಕೊಂಡರೂ ಹಾನಿ ಪೂರ್ತಿಯಾಗಿ ತಪ್ಪುವುದಿಲ್ಲ. ಗಣಕಯಂತ್ರ ಹಠಾತ್ತನೆ ಆರಿದಾಗ ಉಳಿಸಿಕೊಳ್ಳದ ಕೆಲಸ ನಷ್ಟವಾಗುತ್ತದೆ ಮತ್ತು ಬರೆಯಲಾಗುತ್ತಿದ್ದ ಕಡತಗಳು ಕೆಡಬಹುದು. ಮೇಲಿನಿಂದ ಕೆಳಕ್ಕೆ ಗಾಳಿ ಬೀಸುವ ಫ್ಯಾನುಗಳು ಪ್ರೊಸೆಸರಿನ ಸುತ್ತಲಿನ ವೋಲ್ಟೇಜ್ ನಿಯಂತ್ರಕಗಳನ್ನೂ ತಂಪಾಗಿಸುತ್ತವೆ. ಫ್ಯಾನ್ ನಿಂತರೆ ಅವು ಕೂಡ ಬಿಸಿಯಾಗುತ್ತವೆ. ಆದ್ದರಿಂದ ಎಚ್ಚರಿಕೆಯನ್ನು ನಿಲ್ಲಿಸುವ ಮೊದಲು, ಭಾರವಾದ ಕೆಲಸ ನಡೆಯುತ್ತಿರುವಾಗ ಪ್ರೊಸೆಸರಿನ ಉಷ್ಣತೆ ಸ್ಥಿರವಾಗಿ ಮಿತಿಯೊಳಗೆ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್, ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಮಾನಿಟರ್ ಮೊದಲಾದ ತಂತ್ರಾಂಶಗಳು ಉಷ್ಣತೆಯನ್ನು ತೋರಿಸುತ್ತವೆ.

ಇವನ್ನೂ ನೋಡಿ

* ಬಯೋಸ್
* ಮದರ್‌ಬೋರ್ಡ್
* ಹೀಟ್ ಸಿಂಕ್