ಪಾಠಶಾಲೆಯಲ್ಲಿ ಹುಟ್ಟಿದ ಹೊಸ ಲಯ: ಪಂಜೆ ಮಂಗೇಶರಾಯರು ಮತ್ತು ಮಂಗಳೂರಿನ ಮಾಧ್ಯಮಗಳು

ಹೊಸಗನ್ನಡ ಕಾವ್ಯದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಬಿ.ಎಂ.ಶ್ರೀಯವರ 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದ ಬಳಿ ನಿಂತು, ಕರಾವಳಿಯ ಕಡೆಗೆ ತಿರುಗಿ ಒಂದು ನಮಸ್ಕಾರ ಹಾಕಿ, ಮತ್ತೆ ಮೈಸೂರಿನ ದಾರಿ ಹಿಡಿಯುತ್ತಾರೆ. ಆ ನಮಸ್ಕಾರ ಎರಡು ಹೆಸರುಗಳಿಗೆ ಹಂಚಿಹೋಗುತ್ತದೆ. ಪ್ರಾಸ ತೊರೆದ ಮಂಜೇಶ್ವರ ಗೋವಿಂದ ಪೈಗಳಿಗೆ ಪ್ರಯೋಗಶೀಲರೆಂಬ ಮನ್ನಣೆ, ಪಂಜೆ ಮಂಗೇಶರಾಯರಿಗೆ ಶಿಶುಸಾಹಿತ್ಯದ ಹಿರಿಯರೆಂಬ ಗೌರವ. ಗೌರವವೇನೋ ಸರಿ. ಆದರೆ ಅದು ಪಂಜೆಯವರನ್ನು ಕಾವ್ಯಚರಿತ್ರೆಯ ಚಾವಡಿಯಿಂದ ಎಬ್ಬಿಸಿ ಮಕ್ಕಳ ಕೋಣೆಗೆ ಕಳುಹಿಸಿತು. ನನ್ನ ವಾದ ಬೇರೆ. ಪಂಜೆಯವರು ಮಕ್ಕಳಿಗಾಗಿ ಬರೆದದ್ದರಿಂದಲೇ ಪ್ರಯೋಗಶೀಲರಾದರು. ಅವರ ಛಂದಸ್ಸಿನ ಹೊಸತನ ಓದುವ ಪುಟಕ್ಕಾಗಿ ಹುಟ್ಟಿದ್ದಲ್ಲ, ತರಗತಿಯಲ್ಲಿ ಒಟ್ಟಾಗಿ ಹಾಡುವ ಕಂಠಗಳಿಗಾಗಿ ಹುಟ್ಟಿದ್ದು. ಮಾಸಪತ್ರಿಕೆ, ಪಠ್ಯಪುಸ್ತಕ, ಹಾಡು, ಅಭಿನಯ, ಹೇಳುವ ಕಥೆ, ತುಳುವಿನ ಕಥನಗೀತೆಯಾದ ಪಾಡ್ದನದ ಮರುಕಥನ ಹೀಗೆ ಮಾಧ್ಯಮ ಬದಲಾದಂತೆಲ್ಲ ಅವರ ಭಾಷೆಯ ನಡೆಯೂ ಬದಲಾಯಿತು.

ಬಾಳಿನ ವಿವರಗಳು ಪರಿಚಿತವೇ. ಪಂಜೆಯವರು 1874ರ ಫೆಬ್ರವರಿ 22ರಂದು ಬಂಟ್ವಾಳದಲ್ಲಿ ಹುಟ್ಟಿದರು. ಹಿರಿಯರ ಊರು ಪಂಜ, ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯ ಮಾತು ಕನ್ನಡ. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಕಲಿಸುವ ಕೆಲಸದಿಂದ ಶುರುವಾದ ನೌಕರಿ ಶಾಲಾ ತನಿಖಾಧಿಕಾರಿ, ತರಬೇತಿ ಶಾಲೆಯ ಅಧ್ಯಾಪಕ ಎಂದು ಮುಂದುವರಿದು ಮಡಿಕೇರಿಯ ಸರಕಾರಿ ಹೈಸ್ಕೂಲಿನ ಮುಖ್ಯೋಪಾಧ್ಯಾಯ ಹುದ್ದೆಯವರೆಗೆ ಹೋಯಿತು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1937ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ನಿಧನ. ಇಷ್ಟರಲ್ಲಿ ನಮಗೆ ಮುಖ್ಯವಾದದ್ದು ತನಿಖಾಧಿಕಾರಿಯ ತಿರುಗಾಟ. ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಪದ್ಯವನ್ನು ಹೇಗೆ ಒಪ್ಪಿಸುತ್ತಾರೆ, ಎಲ್ಲಿ ಉಸಿರು ಕಟ್ಟುತ್ತದೆ, ಎಲ್ಲಿ ನಾಲಗೆ ತೊಡರುತ್ತದೆ ಎಂಬುದನ್ನು ವೃತ್ತಿಯ ಭಾಗವಾಗಿಯೇ ಕೇಳಿಸಿಕೊಂಡ ಕವಿಗಳು ನಮ್ಮಲ್ಲಿ ಹೆಚ್ಚಿಲ್ಲ.

ಇನ್ನು ಊರು. ಆ ಕಾಲದ ಮಂಗಳೂರನ್ನು ಬಿಟ್ಟು ಪಂಜೆಯವರನ್ನು ಅರ್ಥಮಾಡಿಕೊಳ್ಳಲಾಗದು. ಬಾಸೆಲ್ ಮಿಶನಿನವರು 1834ರಲ್ಲಿ ಇಲ್ಲಿ ಕಾಲಿಟ್ಟರು. 1840ರ ದಶಕದ ಆರಂಭದಲ್ಲೇ ಕಲ್ಲಚ್ಚಿನ ಮುದ್ರಣ ಶುರುವಾಯಿತು. ಹೆರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಿತ್ತು. ಮುಂದೆ ಇದೇ ಊರಿನ ಮಿಶನ್ ಅಚ್ಚುಕೂಟದಿಂದ ಬಂದ ಪುಸ್ತಕಗಳ ಸಾಲನ್ನು ಕಾವ್ಯದ ದೃಷ್ಟಿಯಿಂದ ನೋಡಿದರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡದ ದೇಸಿ ಛಂದಸ್ಸಿನಲ್ಲಿ ಹಾಡಿದರು. 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನು ಸಂಪಾದಿಸಿದರು. 1886ರಲ್ಲಿ ಮೆನ್ನರರ ತುಳು ‘ಪಾಡ್ದನೊಳು’ ಬಂತು, 1894ರಲ್ಲಿ ಕಿಟೆಲ್ ನಿಘಂಟು. ಇವುಗಳ ನಡುವೆ ಯುರೋಪಿನ ರಾಗಗಳಿಗೆ ಕನ್ನಡ ಮಾತು ಕೂಡಿಸಿದ ಕ್ರೈಸ್ತ ಗೀತೆಗಳೂ ಅಚ್ಚಾಗುತ್ತಿದ್ದವು. ಷಟ್ಪದಿಯಲ್ಲಿ ಪರಕೀಯ ಕಥೆ, ಪರಕೀಯ ರಾಗದಲ್ಲಿ ಕನ್ನಡ ಮಾತು, ಬಾಯಲ್ಲಿದ್ದ ಪಾಡ್ದನ ಪುಟದ ಮೇಲೆ: ಮೂರೂ ದಿಕ್ಕಿನ ದಾಟು ಒಂದೇ ಅಚ್ಚುಕೂಟದಲ್ಲಿ ನಡೆದಿತ್ತು. ರಾಗ ಮೊದಲೇ ಗಟ್ಟಿಯಾಗಿ ನಿಂತಿರುವಾಗ ಅಕ್ಷರಗಳನ್ನು ಅದಕ್ಕೆ ಹೊಂದಿಸಬೇಕಾದ ಪಾಡು ಕೀರ್ತನೆಯ ಜಗತ್ತಿಗೆ ಹೊಸತಲ್ಲ. ಆದರೆ ಗಿಡ್ಡ ಚರಣ, ಅಂತ್ಯಪ್ರಾಸ, ಎಲ್ಲರೂ ಒಟ್ಟಿಗೆ ಹಾಡುವ ಕ್ರಮ ಈ ಮೂರೂ ಸೇರಿದ ರೂಪ ಊರಿನ ಕಿವಿಗೆ ಬಿದ್ದದ್ದು ಆ ಗೀತೆಗಳಿಂದ. ಪಂಜೆಯವರು ಅದರ ನೇರ ಋಣಿ ಎಂದು ನಾನು ಹೇಳುತ್ತಿಲ್ಲ. ಆ ಗಾಳಿಯಲ್ಲಿ ಬೆಳೆದವರು ಎನ್ನಲು ಮಾತ್ರ ಅಡ್ಡಿಯಿಲ್ಲ.

ಅವರ ಮೊದಲ ಮಾಧ್ಯಮ ಹಾಡಲ್ಲ, ಪತ್ರಿಕೆ. 1900ರಲ್ಲಿ ಬೆನಗಲ್ ರಾಮರಾಯರ ನೇತೃತ್ವದಲ್ಲಿ ಮಂಗಳೂರಿನಿಂದ ಹೊರಟ ‘ಸುವಾಸಿನಿ’ ಮಾಸಪತ್ರಿಕೆಗೆ ಪಂಜೆಯವರು ‘ನನ್ನ ಚಿಕ್ಕತಾಯಿ’, ‘ನನ್ನ ಚಿಕ್ಕತಂದೆ’ಯಂಥ ಗದ್ಯ ಬರೆದರು. ‘ಕಮಲಾಪುರದ ಹೋಟ್ಲಿನಲ್ಲಿ’ಯನ್ನೂ ಸೇರಿಸಿಕೊಂಡು ಇವನ್ನು ಕನ್ನಡದ ಮೊದಲ ಸಣ್ಣಕಥೆಗಳೆಂದು ಎಣಿಸುವವರಿದ್ದಾರೆ. ಕಥೆಯೋ ಹರಟೆಯೋ ಎಂಬ ಚರ್ಚೆ ಇಲ್ಲಿ ಬೇಡ. ಕವಿಯ ದೃಷ್ಟಿಯಿಂದ ಗಮನಿಸಬೇಕಾದದ್ದು ಆ ಗದ್ಯದ ದನಿ. ಎದುರಿಗೆ ಕೂತವರೊಡನೆ ಆಡುವ ಮಾತಿನಂತೆ ಅದು ಸಾಗುತ್ತದೆ, ವಾಕ್ಯ ಗಿಡ್ಡ, ವ್ಯಂಗ್ಯ ತೆಳು. ಹಳಗನ್ನಡದ ಜರಿಶಾಲು ಹೊದೆಯದೆ ಅಚ್ಚಿನಲ್ಲಿ ಮಾತಾಡಬಹುದು ಎಂಬುದು ಅವರಿಗೆ ಖಚಿತವಾದದ್ದು ಗದ್ಯದಲ್ಲಿ. ಬರೆದವರ ಹೆಸರಿನಲ್ಲೂ ಆಟವಿತ್ತು. ರಾ.ಮ.ಪಂ., ಹರಟೆಮಲ್ಲ, ಕವಿಶಿಷ್ಯ ಹೀಗೆ ಬರವಣಿಗೆಗೆ ತಕ್ಕಂತೆ ಅಂಕಿತ ಬದಲಾಗುತ್ತಿತ್ತು. ಕವನಕ್ಕೆ ಹೆಚ್ಚಾಗಿ ನಿಂತದ್ದು ಕೊನೆಯದು.

ಬಾಸೆಲ್ ಮಿಶನ್ ಪ್ರಕಟಿಸಿದ ‘ಕನ್ನಡ ಪದ್ಯ ಪುಸ್ತಕ’ದ ಭಾಗಗಳು (1912, 1919, 1927) ಈ ಚರಿತ್ರೆಯ ನಡುಗಂಬ. ಶಾಲಾ ಪಠ್ಯವಾದ್ದರಿಂದಲೇ ಇವು ಬಹುಕಾಲ ವಿಮರ್ಶಕರ ಕಣ್ಣಿಗೆ ಬೀಳಲಿಲ್ಲ. ಇಂಗ್ಲಿಷ್ ಕವನಗಳ ರೂಪಾಂತರಗಳು, ಸ್ವತಂತ್ರ ಗೀತೆಗಳು ಅಲ್ಲಿ ಒಟ್ಟಿಗೆ ಬಂದವು. ಹಟ್ಟಿಯಂಗಡಿ ನಾರಾಯಣರಾಯರ ‘ಆಂಗ್ಲ ಕವಿತಾವಳಿ’ಯೂ ಬಿ.ಎಂ.ಶ್ರೀಯವರ ಸಂಕಲನವೂ ಬರುವ ಮೊದಲೇ ದಕ್ಷಿಣ ಕನ್ನಡದ ಹುಡುಗರ ಕೈಯಲ್ಲಿ ಹೊಸ ಲಯದ ಪದ್ಯಗಳಿದ್ದವು. ಅದುವರೆಗೆ ಶಾಲೆಯಲ್ಲಿ ಪದ್ಯವೆಂದರೆ ಬಹುತೇಕ ಷಟ್ಪದಿ. ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕವನ್ನು ಉರುಹೊಡೆದು, ಅನ್ವಯ ಮಾಡಿ, ಅರ್ಥ ಒಪ್ಪಿಸುವುದು. ಗಮಕಿಯ ಬಾಯಲ್ಲಿ ವಾರ್ಧಕ ಸೊಗಸು. ನಲವತ್ತು ಮಕ್ಕಳ ಬಾಯಲ್ಲಿ ಅದು ಗದ್ದಲ. ಆ ಪದ್ಯದಲ್ಲಿ ವಾಕ್ಯ ಸಾಲನ್ನು ದಾಟಿ ಹರಿಯುತ್ತದೆ, ಸಮಾಸ ಉದ್ದವಾಗುತ್ತದೆ, ಎಲ್ಲರೂ ಒಂದೇ ಕಡೆ ಉಸಿರೆಳೆಯಲಾಗದು. ಪಂಜೆಯವರ ಸಮಸ್ಯೆ ಮೂಲತಃ ಇದು, ಸೌಂದರ್ಯಮೀಮಾಂಸೆಯದ್ದಲ್ಲ.

ಅದಕ್ಕೆ ಅವರು ಕಂಡುಕೊಂಡ ಪರಿಹಾರವನ್ನು ‘ನಾಗರ ಹಾವು’ ಪದ್ಯದಲ್ಲಿ ಬಿಡಿಸಿ ನೋಡಬಹುದು. ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು ಹದಿನಾರು ಮಾತ್ರೆ. ಚೌಕ ನಡೆ, ಆದಿತಾಳಕ್ಕೆ ಸಲೀಸು. ಸಾಲು ಮುಗಿಯುವಲ್ಲಿ ಮಾತೂ ಮುಗಿಯುತ್ತದೆ. ಮೂರು ಸಾಲುಗಳಿಗೆ ಅಂತ್ಯಪ್ರಾಸ. ನಾಲ್ಕನೆಯ ಸಾಲಿನಲ್ಲಿ ಪದಗಳ ಸಂತೆಯೇ ಇಲ್ಲ. ಒಂದೇ ದೀರ್ಘಾಕ್ಷರ ಮತ್ತೆ ಮತ್ತೆ ಬಡಿಯುತ್ತದೆ. ಚರಣ ಬದಲಾದಂತೆ ಆ ಅಕ್ಷರವೂ ಬದಲಾಗುತ್ತದೆ: ಮೊದಲು ಕರೆ, ಆಮೇಲೆ ಹುರಿದುಂಬಿಸುವಿಕೆ, ಆಮೇಲೆ ಬೇಡಿಕೆ, ಕೊನೆಗೆ ಬೀಳ್ಕೊಡುಗೆ. ಕನ್ನಡದ ಅಚ್ಚಿನ ಕವಿತೆಯಲ್ಲಿ ಒಂಟಿ ಅಕ್ಷರದ ಬರಿಯ ನಾದವೇ ಸಾಲಾಗಿ ನಿಂತು ಕಥೆಯನ್ನು ಮುಂದೆ ದೂಡುವ ಇಂಥ ರಚನೆಗೆ ಆ ಕಾಲದಲ್ಲಿ ಜೊತೆ ಹುಡುಕುವುದು ಕಷ್ಟ. ಅರ್ಧ ಶತಮಾನದ ನಂತರ ನವ್ಯರು ನಾದವನ್ನು ಅರ್ಥದಿಂದ ಬಿಡಿಸುವ ಬಗ್ಗೆ ಗಂಭೀರವಾಗಿ ಚರ್ಚಿಸಿದರು. ಅಷ್ಟರಲ್ಲಿ ಎರಡು ತಲೆಮಾರಿನ ಎರಡನೇ ಕ್ಲಾಸಿನವರು ಅದನ್ನು ಕೂಗಿ ಮುಗಿಸಿದ್ದರು.

ಅದೇ ಪದ್ಯದಲ್ಲಿ ವಿದ್ವಾಂಸರು ಅಷ್ಟಾಗಿ ಗುರುತಿಸದ ಇನ್ನೊಂದು ಅಂಶವಿದೆ. ಪಂಜೆಯವರು ಆದಿಪ್ರಾಸವನ್ನು ಬಿಟ್ಟಿಲ್ಲ. ಚರಣದ ಮೂರೂ ಸಾಲುಗಳ ಎರಡನೆಯ ಅಕ್ಷರವನ್ನು ಗಮನಿಸಿದರೆ ಒಂದು ಚರಣದಲ್ಲಿ ಗಕಾರ, ಇನ್ನೊಂದರಲ್ಲಿ ಳಕಾರ, ಮತ್ತೊಂದರಲ್ಲಿ ಲಕಾರ ಶಿಸ್ತಾಗಿ ಬಂದು ಕೂತಿವೆ. ಅಂದರೆ ಹಳೆಯ ಕಟ್ಟು ಹಾಗೆಯೇ ಉಳಿದಿದೆ, ಅದರ ಮೇಲೆ ಹೊಸ ಅಂತ್ಯಪ್ರಾಸ ಏರಿದೆ. ಕಿವಿಗೆ ಸಾಲಿನ ಎರಡೂ ತುದಿಯಲ್ಲಿ ಹಿಡಿಕೆ ಸಿಗುತ್ತದೆ. ಮಗು ಮರೆಯುವುದಾದರೂ ಹೇಗೆ? 1911ರಲ್ಲಿ ಪ್ರಾಸವನ್ನು ಕಿತ್ತೊಗೆದ ಗೋವಿಂದ ಪೈಗಳು ಪಂಜೆಯವರ ಶಿಷ್ಯರೇ. ಗುರು ಪ್ರಾಸವನ್ನು ಇಮ್ಮಡಿಗೊಳಿಸಿದರು, ಶಿಷ್ಯ ಇಲ್ಲವಾಗಿಸಿದರು. ಒಂದು ಹಾಡುವವರಿಗೆ, ಇನ್ನೊಂದು ಓದುವವರಿಗೆ. ಎರಡನ್ನೂ ಪ್ರಯೋಗ ಎನ್ನದೆ ಒಂದನ್ನು ಮಾತ್ರ ಹಾಗೆ ಕರೆದದ್ದು ನಮ್ಮ ಚರಿತ್ರಕಾರರ ಕಣ್ಣಿನ ಪಕ್ಷಪಾತ. ಕಿವಿಯನ್ನು ಅವರು ಕೇಳಲಿಲ್ಲ.

ಹಾವಿನ ಪದ್ಯವನ್ನು ನಾಗನ ನಾಡಿನಲ್ಲಿಟ್ಟು ಓದುವುದೂ ಅಗತ್ಯ. ತುಳುನಾಡಿನಲ್ಲಿ ನಾಗ ಬರಿಯ ಪ್ರಾಣಿಯಲ್ಲ. ಬನ, ತಂಬಿಲ, ನಾಗಮಂಡಲಗಳ ದೈವ. ಆ ದೈವವನ್ನು ಒಬ್ಬ ಹುಡುಗ ಸಲುಗೆಯಿಂದ ಕರೆದು, ಆಡಿಸಿ, ನಿಧಿ ಕೇಳಿ, ಕೊನೆಗೆ ಹೊರಗೆ ಕಳುಹಿಸುತ್ತಾನೆ. ಹಾವಾಡಿಗನ ಬೀದಿಯಾಟ ಮತ್ತು ಮನೆಯ ಭಕ್ತಿ ಎರಡನ್ನೂ ಬೆರೆಸಿದ ಪುಟ್ಟ ರೂಪಕವದು, ಅಭಿನಯಕ್ಕೆಂದೇ ಹೊಲಿದದ್ದು. ಪಂಜೆಯವರು ತಾವೇ ರಾಗ ಹಾಕಿ ಹಾಡಿ, ಮಕ್ಕಳಿಂದ ಕುಣಿಸುತ್ತಿದ್ದರೆಂಬುದು ಅವರನ್ನು ಕಂಡವರು ಹೇಳಿಕೊಂಡು ಬಂದ ಮಾತು. ಪದ್ಯದ ಒಳಗಿನ ರಚನೆಯೇ ಅದಕ್ಕೆ ಸಾಕ್ಷಿಯಾಗುವಂತಿದೆ: ಪ್ರತಿ ಚರಣಕ್ಕೂ ಒಂದು ಬೇರೆ ಚೇಷ್ಟೆ, ಒಂದು ಬೇರೆ ಕೈಸನ್ನೆ.

‘ತೆಂಕಣ ಗಾಳಿಯಾಟ’ದಲ್ಲಿ ನಾದದ ಕೆಲಸ ಇನ್ನೂ ದಟ್ಟ. ಕಡಲ ಕಡೆಯಿಂದ ಬರುವ ಬಿರುಗಾಳಿಯನ್ನು ಕಣ್ಣಿಗೆ ಕಾಣಿಸುವ ಮೊದಲು ಕಿವಿಗೆ ಕೇಳಿಸುವ ಕವನವದು. ದೂರದ ಸದ್ದಿಗೆ ಮನಸ್ಸು ಒಂದೊಂದೇ ಊಹೆ ಕಟ್ಟುತ್ತದೆ, ಸದ್ದು ಹತ್ತಿರವಾದಂತೆ ಅನುಕರಣ ಶಬ್ದಗಳು ಒತ್ತೊತ್ತಾಗಿ ಬೀಳುತ್ತವೆ. ಜೂನ್ ತಿಂಗಳಲ್ಲಿ ಉಳ್ಳಾಲದ ಕಡಲ ಬದಿಯಲ್ಲಿ ನಿಂತವರಿಗೆ ಆ ಕವನಕ್ಕೆ ಟಿಪ್ಪಣಿ ಬೇಡ. ನನ್ನ ಮಟ್ಟಿಗೆ ಪಂಜೆಯವರ ಉತ್ತಮ ರಚನೆ ಇದು. ‘ನಾಗರ ಹಾವು’ ಗೆದ್ದದ್ದು ಜನಪ್ರಿಯತೆಯಲ್ಲಿ ಮಾತ್ರ.

ಮಡಿಕೇರಿಯ ದಿನಗಳಲ್ಲಿ ಬಂದ ‘ಹುತ್ತರಿ ಹಾಡು’ ಮತ್ತೊಂದು ದಿಕ್ಕು. ಇಲ್ಲಿ ಮಗುವಿಲ್ಲ, ಇರುವುದು ಇಡೀ ಊರ ಮಂದಿ. ಅದಕ್ಕಾಗಿ ಅವರು ಚೌಕ ನಡೆ ಬಿಟ್ಟು ಭಾಮಿನಿಯ ಮೂರು-ನಾಲ್ಕು ಮಾತ್ರೆಯ ನಡೆಯನ್ನು ಎತ್ತಿಕೊಂಡು, ಸಾಲನ್ನು ಉದ್ದಕ್ಕೆಳೆದು, ಪ್ರಶ್ನೆಗಳ ಮೇಲೆ ಪ್ರಶ್ನೆ ಪೇರಿಸಿದರು. ಕುಮಾರವ್ಯಾಸನ ಯುದ್ಧದ ನಡೆ ಸುಗ್ಗಿಯ ಕುಣಿತಕ್ಕೆ ಒಗ್ಗಿತು. ಹಳೆಯ ಲಯವನ್ನು ಹೊಸ ಸಂದರ್ಭಕ್ಕೆ ಸಾಗಿಸುವುದೂ ಪ್ರಯೋಗವೇ. ಕೊಡಗಿನವರು ಅದನ್ನು ನಾಡಗೀತೆಯಂತೆ ಹಾಡುತ್ತ ಬಂದಿದ್ದಾರೆ.

ಪದ್ಯದಿಂದ ಗದ್ಯಕ್ಕೆ, ಬಾಯಿಂದ ಪುಟಕ್ಕೆ ನಡೆದ ದಾಟುಗಳನ್ನು ಎರಡು ಉದಾಹರಣೆಯಲ್ಲಿ ಮುಗಿಸುತ್ತೇನೆ. ಬ್ರೌನಿಂಗನ ಇಂಗ್ಲಿಷ್ ಕಥನಕವನದ ಇಲಿಗಳ ಕಥೆಯನ್ನು ಪಂಜೆಯವರು ‘ಇಲಿಗಳ ಥಕಥೈ’ ಎಂಬ ಗದ್ಯಕಥೆಯಾಗಿಸಿದರು. ಹೆಸರಿನಲ್ಲೇ ಹೆಜ್ಜೆಯ ಸದ್ದಿದೆ. ಕುವೆಂಪು ಅದೇ ವಸ್ತುವನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ಮರಳಿ ಪದ್ಯಕ್ಕೆ ತಂದರು. ತುಳು ಪಾಡ್ದನದ ಅವಳಿ ವೀರರನ್ನು ‘ಕೋಟಿ ಚೆನ್ನಯ’ದಲ್ಲಿ ಕನ್ನಡ ಗದ್ಯಕ್ಕೆ ಕರೆತಂದಾಗ ದಾಟು ಇನ್ನೂ ದೊಡ್ಡದು: ಗರಡಿಯಲ್ಲಿ, ಗದ್ದೆಯಲ್ಲಿ, ನೇಮದ ರಾತ್ರಿಯಲ್ಲಿ ಹಾಡಾಗಿದ್ದದ್ದು ಹುಡುಗರು ಕೂತು ಓದುವ ಪುಸ್ತಕವಾಯಿತು. ಆ ಸಾಗಾಟದಲ್ಲಿ ದೈವಾರಾಧನೆಯ ತೂಕ ಕಳೆದುಹೋಯಿತೆಂಬ ಆಕ್ಷೇಪದಲ್ಲಿ ಹುರುಳಿದೆ. ಕೋಟಿ ಚೆನ್ನಯರು ನಂಬಿದವರಿಗೆ ಬರಿಯ ಕಥಾನಾಯಕರಲ್ಲ. ಆದರೆ ತುಳು ತಿಳಿಯದ ಕನ್ನಡ ಓದುಗರ ಮನೆಗೆ ಅವರು ಮೊದಲು ಬಂದದ್ದು ಬಹುಮಟ್ಟಿಗೆ ಈ ಪುಸ್ತಕದಿಂದ. ಮಂಗಳೂರಿನ ಕೊಡಿಯಾಲಬೈಲಿನಲ್ಲಿ ನಡೆಯುತ್ತಿದ್ದ ಬಾಲಸಾಹಿತ್ಯ ಮಂಡಲ ಇಂಥ ಕೆಲಸಕ್ಕೆ ನೆಲೆಯಾಯಿತು.

ಪಂಜೆಯವರನ್ನು ಬಂಡಾಯಗಾರರನ್ನಾಗಿ ಮಾಡುವ ಹುಮ್ಮಸ್ಸು ನನಗಿಲ್ಲ. ಅವರು ಸರಕಾರಿ ನೌಕರರು, ಪಠ್ಯದ ಮಿತಿ ಬಲ್ಲವರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1920ರಲ್ಲಿ ಬಾಸೆಲ್ ಮಿಶನಿಗಾಗಿ ಪರಿಷ್ಕರಿಸಿಕೊಟ್ಟ ವೈಯಾಕರಣರೂ ಅವರೇ. ನೀತಿ ಹೇಳುವ ಭರದಲ್ಲಿ ಸಪ್ಪೆಯಾದ ಪದ್ಯಗಳೂ ಅವರಲ್ಲಿವೆ. ಆದರೆ ಸೂತ್ರ ಬಲ್ಲ ವಿದ್ವಾಂಸನೇ ಸೂತ್ರವನ್ನು ಹಿಗ್ಗಿಸಿದ್ದು ಎಂಬುದೇ ಇಲ್ಲಿ ಸ್ವಾರಸ್ಯ. ‘ಡೊಂಬರ ಚೆನ್ನ’, ‘ಕಡೆಕಂಜಿ’ಯಂಥ ರಚನೆಗಳಲ್ಲಿ ಬಡವರ ಬದುಕು ಕೂಡ ಶಾಲೆಯ ಹಾಡಿನ ವಸ್ತುವಾಯಿತು. ಶಿಶುಸಾಹಿತ್ಯವೆಂಬ ಹಣೆಪಟ್ಟಿ ಅವನ್ನು ಮುಚ್ಚಿಟ್ಟಿದೆ.

ಈ ದಾರಿ ಮಂಗಳೂರಿನಲ್ಲಿ ಪಂಜೆಯವರೊಂದಿಗೆ ನಿಲ್ಲಲಿಲ್ಲ. ಅಮೃತ ಸೋಮೇಶ್ವರರು (1935–2024) ಕನ್ನಡ, ತುಳು ಎರಡರಲ್ಲೂ ಕವಿತೆ ಬರೆದರು. ‘ಗೋಂದೊಳು’ ಎಂಬ ತುಳು ನಾಟಕ ಬರೆದರು. ‘ಅಮರಶಿಲ್ಪಿ ವೀರ ಕಲ್ಕುಡ’ದಂಥ ಯಕ್ಷಗಾನ ಪ್ರಸಂಗಗಳಲ್ಲಿ ಪಾಡ್ದನದ ವಸ್ತುವನ್ನು ರಂಗಸ್ಥಳಕ್ಕೇರಿಸಿದರು. ಪ್ರಸಂಗಕವಿಯ ಪದ್ಯಕ್ಕೆ ಭಾಗವತನ ಕಂಠ, ಮದ್ದಳೆಯ ಪೆಟ್ಟು, ವೇಷಧಾರಿಯ ಅರ್ಥ ಮೂರೂ ಬೇಕು. ಪುಸ್ತಕದಲ್ಲಿ ಅದು ಅರೆಬರೆ. ಪಂಜೆಯವರ ಶಾಲಾಗೀತೆಯೂ ಇದೇ ಜಾತಿಯದು. ಆದ್ದರಿಂದ ಅವರ ಕಾವ್ಯದ ಶಾಸ್ತ್ರೀಯ ಆವೃತ್ತಿಯೊಂದನ್ನು ಯಾರಾದರೂ ಸಿದ್ಧಪಡಿಸುವುದಾದರೆ ಪಾಠಾಂತರಗಳ ಪಟ್ಟಿ ಸಾಲದು. ಕರಾವಳಿ ಮತ್ತು ಕೊಡಗಿನ ಹಳೆಯ ಅಧ್ಯಾಪಕರ ಬಾಯಲ್ಲಿ ಉಳಿದಿರುವ ಮಟ್ಟುಗಳನ್ನು ಧ್ವನಿಮುದ್ರಿಸಿ, ಪದ್ಯದ ಜೊತೆಗೇ ಕೊಡಬೇಕು.