ಒಂದೇ ನೆಲೆ, ಎರಡು ಕಾಲ: ಹಂಪಿಯ ಛಾಯಾಚಿತ್ರಗಳು

ಕನ್ನಡನಾಡಿನ ಸ್ಥಳಗಳನ್ನು ಛಾಯಾಚಿತ್ರಗಳಲ್ಲಿ ದಾಖಲಿಸುವ ಕೆಲಸವು 1850ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿಯೂ ವೈದ್ಯಕೀಯ ಸೇವೆಯಲ್ಲಿಯೂ ಇದ್ದ ಅಧಿಕಾರಿಗಳ ಕೈಯಲ್ಲಿ ಮೊದಲುಗೊಂಡಿತು. 1855ರಲ್ಲಿ ಬೊಂಬಾಯಿ ಸರ್ಕಾರವು ಫಿರಂಗಿದಳದ ಥಾಮಸ್ ಬಿಗ್ಸ್‌ನನ್ನು ಬಿಜಾಪುರ, ಬಾದಾಮಿ, ಐಹೊಳೆಗಳ ಸ್ಮಾರಕಗಳನ್ನು ಚಿತ್ರಿಸಲು ನಿಯೋಜಿಸಿತು. ಅವನು ದಳಕ್ಕೆ ಮರಳಬೇಕಾಗಿ ಬಂದಾಗ ವೈದ್ಯನಾಗಿದ್ದ ವಿಲಿಯಂ ಹೆನ್ರಿ ಪಿಗೌ ಆ ಕೆಲಸವನ್ನು ಮುಂದುವರಿಸಿದನು. ಅವರ ಚಿತ್ರಗಳು ಸರ್ಕಾರದ ಆಜ್ಞೆಯಿಂದ ಹುಟ್ಟಿದವು. ಅದೇ ಕಾಲದಲ್ಲಿ, 1856ರಲ್ಲಿ, ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಅವಶೇಷಗಳ ಅರವತ್ತಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದದ್ದು ಹವ್ಯಾಸದಿಂದ.

ಗ್ರೀನ್‌ಲಾ ಬಳಸಿದ್ದು ಮೇಣಕಾಗದದ ನೆಗೆಟಿವ್. ಅಂದರೆ ಬೆಳಕು ನೆರಳಾಗಿ, ನೆರಳು ಬೆಳಕಾಗಿ ಮೂಡುವ ಮೂಲಪ್ರತಿಯನ್ನು ಗಾಜಿನ ಮೇಲಲ್ಲದೆ, ಮೊದಲೇ ಮೇಣ ಹೀರಿಸಿ ಬೆಳ್ಳಿಯ ಲವಣಗಳಿಂದ ಸಿದ್ಧಪಡಿಸಿದ ಕಾಗದದ ಮೇಲೆ ಪಡೆಯುವ ವಿಧಾನ. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ 1851ರಲ್ಲಿ ಪ್ರಕಟಿಸಿದ ಈ ಕ್ರಮದಲ್ಲಿ ಕಾಗದಗಳನ್ನು ಹಲವು ದಿನ ಮುಂಚೆಯೇ ಸಿದ್ಧಮಾಡಿ ಒಯ್ಯಬಹುದಾಗಿತ್ತು. ಗಾಜನ್ನು ಒದ್ದೆಯಿರುವಾಗಲೇ ಬಳಸಬೇಕಾದ ಕಲೋಡಿಯನ್ ಕ್ರಮಕ್ಕೆ ಸ್ಥಳದಲ್ಲಿಯೇ ಕತ್ತಲ ಡೇರೆ ಬೇಕಾಗುತ್ತಿದ್ದುದರಿಂದ, ಬಿಸಿಲ ನಾಡಿನ ಪ್ರಯಾಣಿಕನಿಗೆ ಮೇಣಕಾಗದವೇ ಅನುಕೂಲವಾಗಿತ್ತು. ಆದರೆ ಬೆಳಕಿಗೆ ಒಡ್ಡುವ ಅವಧಿ ದೀರ್ಘವಾಗಿದ್ದುದರಿಂದ ನಡೆದಾಡುವ ಜನರ ಗುರುತು ಅದರಲ್ಲಿ ಉಳಿಯುತ್ತಿರಲಿಲ್ಲ. ಆದ್ದರಿಂದ ಆ ಚಿತ್ರಗಳ ನಿರ್ಜನತೆಯನ್ನು ಕಂಡು ಹಂಪಿ ಆಗ ಪಾಳುಬಿದ್ದಿತ್ತೆಂದು ತೀರ್ಮಾನಿಸುವುದು ದುಡುಕಾಗುತ್ತದೆ.

ಬಹುಕಾಲ ಮರೆಯಲ್ಲಿದ್ದ ಈ ನೆಗೆಟಿವ್‌ಗಳು 1980ರಲ್ಲಿ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ನೆಲೆಗಳನ್ನು ಹುಡುಕಿ, ಅದೇ ಕೋನದಿಂದ ಹೊಸ ಚಿತ್ರಗಳನ್ನು ತೆಗೆದರು. ಹಳೆಯ ಚಿತ್ರದ ನೆಲೆಗೆ ಮರಳಿ ಮತ್ತೆ ಚಿತ್ರಿಸುವ ಈ ಕ್ರಮವನ್ನು ಪುನರ್‌ಛಾಯಾಗ್ರಹಣವೆನ್ನಬಹುದು. ವಿಠ್ಠಲ ದೇಗುಲದ ಅಂಗಳದ ಕಲ್ಲಿನ ರಥದ ಸಂಗತಿಯಲ್ಲಿ ಇದರ ಬೆಲೆ ಎದ್ದು ಕಾಣುತ್ತದೆ. ರಥಾಕಾರದ ಆ ಗರುಡಗುಡಿಯು ಇಂದು ಐವತ್ತು ರೂಪಾಯಿ ನೋಟಿನ ಮೇಲೆಯೂ ಮೇಲ್ಭಾಗ ಚಪ್ಪಟೆಯಾಗಿರುವ ರೂಪದಲ್ಲಿ ಕಾಣುವುದರಿಂದ ಅದೇ ಅದರ ಮೂಲಸ್ವರೂಪವೆಂದು ನೋಡುವವರು ನಂಬುತ್ತಾರೆ. ಆದರೆ 1856ರ ಚಿತ್ರದಲ್ಲಿ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಹಂಪಿಯ ಗುಡಿಗಳ ಶಿಖರಗಳಿಗೂ ಗೋಪುರಗಳಿಗೂ ಇಟ್ಟಿಗೆ ಗಾರೆಗಳನ್ನು ಬಳಸುವುದು ವಾಡಿಕೆಯಾಗಿದ್ದು, ಕಲ್ಲು ಉಳಿದು ಇಟ್ಟಿಗೆ ಅಳಿದುದರಿಂದ ವಿಜಯನಗರವು ಕೇವಲ ಕಲ್ಲಿನ ನಗರವೆಂಬ ಭಾವನೆ ಬೇರೂರಿದೆ. ಅದನ್ನು ತಿದ್ದಲು ಬರಹಗಳಿಗಿಂತ ಈ ಒಂದು ಚಿತ್ರವೇ ಹೆಚ್ಚು ಸಮರ್ಥವಾದುದು.

ಆದರೂ 127 ವರ್ಷಗಳ ಅಂತರದ ಎರಡು ಚಿತ್ರಗಳು ಶಿಖರವಿತ್ತು, ಈಗಿಲ್ಲ ಎಂದು ಹೇಳಬಲ್ಲವೇ ಹೊರತು ಅದು ಯಾವ ಹಂತಗಳಲ್ಲಿ ಅಳಿಯಿತೆಂಬುದನ್ನು ತಿಳಿಸಲಾರವು. 1986ರಲ್ಲಿ ಹಂಪಿ ವಿಶ್ವಪರಂಪರೆಯ ತಾಣವಾದ ಮೇಲೂ ಬದಲಾವಣೆ ನಿಲ್ಲಲಿಲ್ಲ. ವಿರೂಪಾಕ್ಷ ದೇಗುಲದ ಮುಂದಿನ ಬೀದಿಯ ಸಾಲುಮಂಟಪಗಳಲ್ಲಿ ನೆಲಸಿದ್ದ ಮನೆ ಅಂಗಡಿಗಳನ್ನು 2011ರಲ್ಲಿ ತೆರವುಗೊಳಿಸಲಾಯಿತು. ಸ್ಮಾರಕಗಳನ್ನಷ್ಟೇ ಅರಸುವ ಕಣ್ಣಿಗೆ ಆ ಅಂಗಡಿಗಳು ಅಡ್ಡಿಯಾಗಿ ಕಂಡಿರಬಹುದು, ಆದರೆ ಊರಿನ ಇತಿಹಾಸಕ್ಕೆ ಅವೂ ಅಷ್ಟೇ ಮುಖ್ಯವಾದ ಸಾಕ್ಷಿಗಳು. ಇಂತಹ ಬದಲಾವಣೆಗಳ ಹಂತಗಳನ್ನು ಹಿಡಿದಿಡಬಲ್ಲುದು ಸ್ಥಳೀಯರು ವಾರವಾರವೂ ತೆಗೆಯುವ ಚಿತ್ರಗಳು. ತಮ್ಮೂರಿನ ಕೆರೆ, ಗುಡ್ಡ, ಪೇಟೆಬೀದಿಗಳನ್ನು ಹಾಗೆ ಚಿತ್ರಿಸುವವರು ಪ್ರತಿ ಚಿತ್ರದೊಡನೆ ತಾರೀಖು, ನಿಂತ ಜಾಗ, ನೋಡಿದ ದಿಕ್ಕು ಈ ಮೂರನ್ನೂ ತಪ್ಪದೆ ಬರೆದಿಡಬೇಕು.