ದೀಕ್ಷಾಸ್ನಾನದ ಪುಸ್ತಕದಲ್ಲಿ ಐರಿಷ್ ಪೂರ್ವಜರು

ಬೆಂಗಳೂರು ದಂಡಿನಲ್ಲಿದ್ದ ಐರಿಷ್ ಕಥೋಲಿಕ ಸೈನಿಕರ ನೆನಪನ್ನು ಅಲ್ಲಿನ ಸಂತ ಪ್ಯಾಟ್ರಿಕ್ಕರ ದೇವಾಲಯದ ಹೆಸರೇ ಉಳಿಸಿಕೊಂಡಿದೆ. ಅವರ ಸಂತತಿಯವರು ಇಂದು ತಮ್ಮ ಮೂಲವನ್ನು ಅರಸಿ ಹೊರಟರೆ ಐರ್ಲೆಂಡಿನಲ್ಲಿ ಸಿಗುವ ಆಧಾರ ಅಲ್ಪ. 1922ರ ಜೂನ್ 30ರಂದು, ಅಂತರ್ಯುದ್ಧದ ನಡುವೆ, ಡಬ್ಲಿನ್ನಿನ ಸರ್ಕಾರಿ ದಾಖಲೆ ಭಂಡಾರ ಸುಟ್ಟುಹೋಗಿ, 1821ರಿಂದ 1851ರವರೆಗಿನ ಜನಗಣತಿಯ ಪುಟಗಳು ಬಹುಪಾಲು ಬೂದಿಯಾದವು. ಕಥೋಲಿಕ ಧರ್ಮಕೇಂದ್ರಗಳ ದೀಕ್ಷಾಸ್ನಾನ, ವಿವಾಹಗಳ ಪುಸ್ತಕಗಳು ಆಯಾ ಊರಿನ ಗುರುಗಳ ಬಳಿಯಲ್ಲೇ ಇದ್ದುದರಿಂದ ಉಳಿದುಕೊಂಡವು.

ವಿವಾಹದ ದಾಖಲೆಯನ್ನು 1563ರಲ್ಲಿ ಟ್ರೆಂಟ್ ಮಹಾಸಭೆ ಕಡ್ಡಾಯಗೊಳಿಸಿತು. ಹಳೆಯ ಪುಸ್ತಕಗಳನ್ನೂ ಜೋಪಾನವಾಗಿಡಬೇಕೆಂದು ಇಂದಿನ ಧರ್ಮಸಭಾ ಕಾನೂನಿನ 535ನೆಯ ವಿಧಿ ಆಜ್ಞಾಪಿಸುತ್ತದೆ. ಮಗು, ಹೆತ್ತವರು, ಜ್ಞಾನ ತಂದೆತಾಯಿ, ಸ್ನಾನವಿತ್ತ ಗುರು, ಇವರೆಲ್ಲರ ಹೆಸರೂ ಒಂದೇ ಸಾಲಿನಲ್ಲಿ ಕೂಡುವುದು ಅಲ್ಲಿಯೇ. ಕೈವಾರದ ಸೀಮೆಯ ಕೂಲಿಕಾರನ ಮೊಮ್ಮಗನೂ ನಾಳೆ ಅದೇ ಸಾಲನ್ನು ಹುಡುಕಿ ಬಂದಾನು. ಗೆದ್ದಲಿಗೆ ಬಿಟ್ಟ ಪುಸ್ತಕದಿಂದ ನಾವು ಅವನಿಗೆ ಏನನ್ನು ಓದಿ ಹೇಳಬಲ್ಲೆವು?